ಟಬ್ಬಿನ ನೀರು ಹೋದ ದಾರಿ

ಶಹಾಬಾದಿನಲ್ಲಿ ನಾವು ಕೊಂಡ ಹಳೆ ಮನೆಯ ಬಚ್ಚಲಲ್ಲಿ ಸ್ನಾನದ ಟಬ್ಬಿತ್ತು. ಮೊಣಕಾಲು ನೋವಿನ ನಮ್ಮ ಅತ್ತೆ ದಿನಾ ಅದರಲ್ಲಿ ಬಿಸಿನೀರು ತುಂಬಿಸಿಕೊಂಡು ಕೂರುತ್ತಿದ್ದರು. ಮೂರನೇ ತಿಂಗಳಿಗೆ ಹೆದರಿಬಿಟ್ಟರು.

"ಜಗದೇವಿ, ನೀರು ಬಿಟ್ಟಾಗ ಕೆಳಗ ಯಾರೋ ಗಟಗಟ ಕುಡದಂಗ ಆಗ್ತದ. ನನ್ನ ಹಿಮ್ಮಡಕ್ಕ ಉಸುರು ತಾಕ್ತದವ್ವಾ."

ನಾನೂ ಕೇಳಿದೆ. ಕುಡಿದು, ತಡೆದು, ಮತ್ತೆ ಕುಡಿಯುವ ಸದ್ದು.

ವಾಡಿಯಿಂದ ನಳದ ಕೆಲಸದ ದೇವಿಂದ್ರಪ್ಪ ಬಂದರು. ಟಬ್ಬಿನ ಹಿತ್ತಾಳೆ ಜಾಲರಿ ಬಿಚ್ಚಿದ್ದೇ ತಡ, ಮೇ ತಿಂಗಳ ಆ ಮಧ್ಯಾಹ್ನ ತೂತಿನಿಂದ ತಣ್ಣನೆ ಗಾಳಿ ಬಂತು. ಟಬ್ಬು ಸರಿಸಿದರೆ ಕೆಳಗೆ ಪೈಪೇ ಇಲ್ಲ. ಬಿರುಕಿಲ್ಲದ ಫರ್ಸಿ ಕಲ್ಲು, ಅದರ ಮೇಲೆ ಒಣ ಧೂಳು.

"ಅಕ್ಕೋರ, ಇಷ್ಟು ದಿನದ ನೀರು ಎಲ್ಲಿಗಿ ಹೋತ್ರಿ?"

"ಅದು ಬಿಡ್ರಿ ಅಣ್ಣಾ, ಮೊದಲ ಪೈಪ್ ಹಾಕ್ರಿ" ಎಂದೆ.

ಅವರು ಕಲ್ಲು ಕೊರೆದು ಪೈಪ್ ಜೋಡಿಸಿ ಹೊಸ ಜಾಲರಿ ಕೂಡಿಸಿದರು. ನೀರು ಸುಮ್ಮನೆ ಹೊರಗಿನ ಮೋರಿಗೆ ಹರಿಯಿತು. ಅತ್ತೆ ನಕ್ಕುಬಿಟ್ಟರು. ಈಗ ಒಬ್ಬರೇ ನಿಶ್ಚಿಂತೆಯಿಂದ ಸ್ನಾನ ಮಾಡುತ್ತಾರೆ. ನನಗೂ ನಿದ್ದೆ ಹತ್ತುತ್ತಿದೆ.

ಹಳೆ ಜಾಲರಿ ಮಾತ್ರ ಎರಡು ವಾರ ಬಿಸಿಲಲ್ಲಿಟ್ಟರೂ ಒಣಗಲಿಲ್ಲ. ನಿನ್ನೆ ಗುಜರಿಯವನಿಗೆ ಕೊಟ್ಟೆ. ಅವನು ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ ಹೋದ.