ನೆಗೆಟಿವ್ ಬಂದ ಸೊಸೆ

ಇಸ್ತ್ರಿಪೆಟ್ಟಿಗೆ ಸೊಸೆಯ ಕೈಯಿಂದ ಜಾರಿ ಗಿರಾಕಿಯ ಬಿಳಿ ಅಂಗಿಯ ಮೇಲೆ ಬಿತ್ತು. ಎತ್ತೋಣವೆಂದರೆ ಬೆರಳುಗಳು ಹಿಡಿಯನ್ನು ಸುತ್ತಲೇ ಇಲ್ಲ. ಎರಡೂ ಅಂಗೈಯಿಂದ ಅದನ್ನು ಪಕ್ಕಕ್ಕೆ ತಳ್ಳುವಷ್ಟರಲ್ಲಿ ಜೇಬಿನ ಮೇಲೆ ಕಂದು ಗುರುತು ಮೂಡಿ, ಸುಟ್ಟ ವಾಸನೆ ಮನೆ ತುಂಬಿತ್ತು.

ಮುಂದಿನ ಕೋಣೆಯೇ ಇಸ್ತ್ರಿ ಅಂಗಡಿ, ಹಿಂದಿನದು ಮನೆ. ನಡುಬಾಗಿಲಲ್ಲಿ ದಿಂಬು ಹಾಕಿದ ಕುರ್ಚಿಯಲ್ಲಿ ಅತ್ತೆ ಕೂತಿದ್ದರು.

"ಸುಟ್ಟೆಯಾ? ಸುಡು, ಸುಡು. ನಿಮ್ಮಪ್ಪ ಕಟ್ಟಿಸಿದ ಅಂಗಡಿ ಅಲ್ಲವಲ್ಲ."

"ಕೈ ಹಿಡೀತಿಲ್ಲ ಅತ್ತೆ... ಎದ್ದಾಗಿಂದ ಬೆರಳು ಮಡಚೋಕೇ ಆಗ್ತಿಲ್ಲ."

"ನಿನಗೇನು ಬಂದಿರೋದು ರೋಗ? ರಕ್ತ ನೋಡಿ ಏನೂ ಇಲ್ಲ ಅಂತ ಬರೆದು ಕೊಟ್ಟಿಲ್ವಾ? ರಕ್ತ ಸುಳ್ಳು ಹೇಳುತ್ತೇನೇ?"

ಹಿಂದಿನ ವರ್ಷ ಅತ್ತೆಗೆ ಮಂಡಿನೋವು, ಸೊಸೆಗೆ ಬೆರಳುನೋವು ಶುರುವಾದಾಗ, ಗಂಡ ಇಬ್ಬರನ್ನೂ ಒಂದೇ ಬೆಳಿಗ್ಗೆ ಬೀದಿ ಕೊನೆಯ ಲ್ಯಾಬಿಗೆ ಕರೆದುಕೊಂಡು ಹೋಗಿದ್ದ. ಕೀಲುಗಳನ್ನು ತಿಂದುಹಾಕುವ ರುಮಟಾಯ್ಡ್ ಆರ್ಥ್ರೈಟಿಸ್ ಇದೆಯೇ ಎಂದು ನೋಡುವ ಪರೀಕ್ಷೆ. ಡಾಕ್ಟರ ಮುಂದೆ ಅರ್ಧ ದಿನ ಕಾಯುತ್ತ ಕೂತರೆ ಅಂಗಡಿ ಯಾರು ನೋಡುತ್ತಾರೆಂದು, ವರದಿಗಳನ್ನು ತಾನೇ ಓದಿ ತಾನೇ ತೀರ್ಪು ಕೊಟ್ಟಿದ್ದ. ಅಮ್ಮನದು ಪಾಸಿಟಿವ್, ಹೆಂಡತಿಯದು ನೆಗೆಟಿವ್.

ಅವತ್ತಿನಿಂದ ಮನೆ ಎರಡು ಪಾಲಾಯಿತು. ಪಾಸಿಟಿವ್ ಎನ್ನುವುದು ಅತ್ತೆಗೆ ಬಿರುದು ಸಿಕ್ಕ ಹಾಗಾಯಿತು. ಬಂದವರಿಗೆಲ್ಲ ನೀರಿಗಿಂತ ಮೊದಲು ಆ ಸುದ್ದಿಯನ್ನೇ ಕೊಡುತ್ತಿದ್ದರು. ಕುರ್ಚಿ ಅವರಿಗೆ, ದಿಂಬು ಅವರಿಗೆ, ಸಂಜೆಯ ಎಣ್ಣೆ ತಿಕ್ಕುವಿಕೆ ಅವರಿಗೆ. ತಿಕ್ಕುವ ಕೈ ಮಾತ್ರ ನೆಗೆಟಿವ್ ಸೊಸೆಯದು. ಬೆಳಿಗ್ಗೆ ಬಿಸಿನೀರಿನಲ್ಲಿ ಬೆರಳು ಅದ್ದಿಕೊಂಡು, ಸದ್ದಿಲ್ಲದೆ ಅತ್ತು, ಆಮೇಲೆ ಬಟ್ಟೆಯ ಗಂಟು ಬಿಚ್ಚುವುದು ಅವಳಿಗೆ ರೂಢಿಯಾಗಿಹೋಗಿತ್ತು.

ಅಂಗಿ ಸುಟ್ಟ ವಾರವೇ ಅತ್ತೆಯ ಮಂಡಿ ಹಟ ಹಿಡಿದು ಕೂತಿತು. ಕೊನೆಗೂ ಮಗ ಅಂಗಡಿ ಮುಚ್ಚಿ ಅಮ್ಮನನ್ನು ಕೀಲುರೋಗದ ಡಾಕ್ಟರಮ್ಮನ ಬಳಿ ಕರೆದುಕೊಂಡು ಹೋದ. ಕೈಹಿಡಿದು ನಡೆಸಲು, ಚೀಲ ಹೊರಲು ಸೊಸೆ ಹಿಂದೆ ಹೋದಳು.

"ಬೆಳಿಗ್ಗೆ ಎದ್ದಾಗ ಮಂಡಿ ಬಿಗಿದಿರುತ್ತಾ?" ಡಾಕ್ಟರಮ್ಮ ಕೇಳಿದರು.

"ಬಿಗಿದಿರುತ್ತೆ. ನಾಲ್ಕು ಹೆಜ್ಜೆ ಹಾಕಿದ್ರೆ ಸಡಿಲ ಆಗುತ್ತೆ."

"ಹಳೇ ರಿಪೋರ್ಟ್ ಕೊಡಿ."

ಸೊಸೆ ಚೀಲದ ಜಿಪ್ಪು ಹಿಡಿದಳು. ಜಾರಿತು. ಮತ್ತೆ ಹಿಡಿದಳು. ಕೊನೆಗೆ ಚೀಲವನ್ನು ಮೊಣಕಾಲಿನ ನಡುವೆ ಒತ್ತಿ, ಬಾಗಿ, ಹಲ್ಲಿನಿಂದ ಜಿಪ್ಪು ಎಳೆದಳು.

"ನೋಡಿ ಡಾಕ್ಟ್ರೇ, ಎಂಥ ಚೆಲ್ಲಾಟ," ಅಂದರು ಅತ್ತೆ.

ಡಾಕ್ಟರಮ್ಮ ವರದಿ ಮುಟ್ಟಲಿಲ್ಲ. "ಕೈ ಕೊಡಮ್ಮ ಇಲ್ಲಿ," ಎಂದು ಬೆರಳ ಬುಡದ ಗೆಣ್ಣುಗಳನ್ನು ಎರಡೂ ಬದಿಯಿಂದ ಮೆಲ್ಲಗೆ ಒತ್ತಿದರು. ಸೊಸೆಯ ಕಣ್ಣಲ್ಲಿ ನೀರು ಚಿಮ್ಮಿತು.

"ಎಷ್ಟು ಹೊತ್ತು ಬಿಗಿದಿರುತ್ತೆ?"

"ಮಕ್ಕಳು ಶಾಲೆಗೆ ಹೋಗಿ ಎಷ್ಟೋ ಹೊತ್ತಾದ್ರೂ... ಮುಷ್ಟಿ ಕಟ್ಟೋಕಾಗಲ್ಲ."

"ಅವಳಿಗೇನಿಲ್ಲ ಡಾಕ್ಟ್ರೇ, ಅವಳದು ನೆಗೆಟಿವ್. ಪಾಸಿಟಿವ್ ಇರೋದು ನನಗೆ."

ಡಾಕ್ಟರಮ್ಮ ಎರಡೂ ವರದಿಗಳನ್ನು ಅಕ್ಕಪಕ್ಕ ಇಟ್ಟರು. "ನಿಮ್ಮದು ಸ್ವಲ್ಪ ಪಾಸಿಟಿವ್ ಇದೆ ಅಷ್ಟೇ. ಕಾಯಿಲೆ ಇಲ್ಲದ ವಯಸ್ಸಾದವರಲ್ಲೂ ಒಮ್ಮೊಮ್ಮೆ ಹೀಗೆ ಬರುತ್ತೆ. ನಿಮ್ಮ ಮಂಡಿ ಸವೆದಿರೋದು. ಈ ಕಾಯಿಲೆ ಇರೋ ಎಷ್ಟೋ ಜನಕ್ಕೆ ಈ ಪರೀಕ್ಷೆ ನೆಗೆಟಿವ್ವೇ ಬರುತ್ತೆ." ಮಗನ ಕಡೆ ತಿರುಗಿದರು. "ನಿಮ್ಮ ಹೆಂಡತಿ ರಿಪೋರ್ಟಲ್ಲಿ ಕೆಳಗಿನ ಸಾಲು ನೋಡಿದ್ರಾ? ಇಎಸ್‌ಆರ್, ಸಿಆರ್‌ಪಿ, ಎರಡೂ ಏರಿದಾವೆ. ಒಳಗೆ ಉರಿಯೂತ ಇದೆ ಅಂತ. ಎಲ್ಲಿ, ಯಾಕೆ ಅಂತ ರಕ್ತ ಹೇಳಲ್ಲ. ಕೈ ನೋಡಬೇಕು."

"ನೆಗೆಟಿವ್ ಅಂತ ಇತ್ತು... ಅಲ್ಲಿಗೇ ಬಿಟ್ಟೆ," ಅಂದ ಮಗ.

ಸೊಸೆಗೆ ಅದೇ ಕಾಯಿಲೆಗೆಂದು ಆಂಟಿ-ಸಿಸಿಪಿ ಎಂಬ ಇನ್ನೊಂದು ರಕ್ತಪರೀಕ್ಷೆ ಮಾಡಿಸಿದರು. ಅದೂ ನೆಗೆಟಿವ್. ಅತ್ತೆಯ ಮುಖ ಅರಳಿತು. ಅಷ್ಟರಲ್ಲಿ ಡಾಕ್ಟರಮ್ಮ ಸೊಸೆಯ ಕೈಯ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಗೆಣ್ಣಿನ ಮೂಳೆಯ ಅಂಚು ಇಲಿ ಕಡಿದ ಹಾಗಿತ್ತು. ಆ ಕಾಯಿಲೆಯೇ, ಅನುಮಾನವಿರಲಿಲ್ಲ.

"ಮಾತ್ರೆಯಿಂದ ಇನ್ನು ಹಾಳಾಗದ ಹಾಗೆ ತಡೀಬಹುದು. ಹೋಗಿರೋ ಮೂಳೆ ವಾಪಸ್ ಬರಲ್ಲಮ್ಮ. ಹೋದ ವರ್ಷವೇ ಬಂದಿದ್ರೆ..."

ಮನೆಗೆ ಬಂದ ಮೇಲೆ ಗಂಡ ಗೋಡೆಗೆ ಹೇಳುವಂತೆ ಹೇಳಿದ, "ನೀನು ಸ್ವಲ್ಪ ಗಟ್ಟಿಯಾಗಿ ಹೇಳಬಾರದಿತ್ತಾ?"

"ಹೇಳಿದ್ದೆ ರೀ. ನೀವು ರಿಪೋರ್ಟ್ ಓದಿದ್ರಿ."

ಅತ್ತೆ ಕುರ್ಚಿಯ ಹತ್ತಿರ ಹೋದರು, ಕೂರಲಿಲ್ಲ. "ಹಾಗಾದ್ರೆ ನನಗೆ ಆ ಕಾಯಿಲೆ ಇಲ್ವೇ ಇಲ್ಲ," ಎಂದು ತಮಗೇ ಹೇಳಿಕೊಂಡರು. ಕೈಯಲ್ಲಿದ್ದದ್ದನ್ನು ಯಾರೋ ಕಿತ್ತುಕೊಂಡಂಥ ದನಿ. ಆಮೇಲೆ ದಿಂಬು ತಟ್ಟಿ, ಸೊಸೆಯ ಮುಖ ನೋಡದೆ, "ಕೂತ್ಕೋ," ಅಂದರು.

ಸೊಸೆ ಕೂತಳು.

ಅತ್ತೆ ಕುಂಟುತ್ತ ಮೇಜಿನ ಬಳಿ ಹೋಗಿ, ಗಂಟು ಬಿಚ್ಚಿ, ಇಸ್ತ್ರಿಪೆಟ್ಟಿಗೆ ಎತ್ತಿಕೊಂಡರು. ಒಂದು ಅಂಗಿ ಮುಗಿಸಿ, ಬೆನ್ನು ಹಾಕಿಯೇ ಕೇಳಿದರು, "ಅಷ್ಟು ನೋವಿದ್ರೆ ಕಿರುಚಿಕೊಳ್ಳಬಾರದಿತ್ತೇನೇ?"

"ಈ ಮನೇಲಿ ಕಿರುಚೋಕೆ ಪಾಸಿಟಿವ್ ಬರಬೇಕಿತ್ತಲ್ಲ ಅತ್ತೆ."

ಪೆಟ್ಟಿಗೆ ಬಟ್ಟೆಯ ಮೇಲೇ ನಿಂತಿತು. ಬಟ್ಟೆ ಬಿಸಿಯಾಗತೊಡಗಿದ ವಾಸನೆ ಬಂತು.

"ಎತ್ತಿ ಅತ್ತೆ, ಸುಡುತ್ತೆ," ಅಂದಳು ಸೊಸೆ. ಅವಳ ಕೈಗಳು ಮಡಿಲಲ್ಲಿದ್ದವು, ಅರ್ಧ ಮಡಚಿದ ಹಾಗೆಯೇ.