ಅಂಟದ ಹಾಗೆ ಹಚ್ಚಿದ ಪುಡಿ

ಸೋಮವಾರ ಬೆಳಿಗ್ಗೆ 9.40ಕ್ಕೆ ಸೈಕಲ್ ಟ್ಯೂಬ್ ಕಾರ್ಖಾನೆಯ ಮ್ಯಾನೇಜರ್ ಠಾಣೆಗೆ ಬಂದು ದೂರು ಕೊಟ್ಟರು. ಭಾನುವಾರದ ರಜೆಯಲ್ಲಿ ಯಾರೋ ಕಾರ್ಖಾನೆಯ ಚಿಕಿತ್ಸಾ ಕೊಠಡಿಯ ಬೀಗ ಒಡೆದು, ಕಾರ್ಮಿಕರ ಎಕ್ಸ್‌ರೇಗಳಿದ್ದ ಕಪಾಟಿಗೆ ಕೈಹಾಕಿದ್ದರು. ಏನು ಹೋಗಿದೆಯೆಂದು ಮ್ಯಾನೇಜರಿಗೂ ಗೊತ್ತಿರಲಿಲ್ಲ. ಎಫ್‌ಐಆರ್ ದಾಖಲಾಯಿತು.

10.30ಕ್ಕೆ ಇನ್‌ಸ್ಪೆಕ್ಟರ್, ಮಹಿಳಾ ಹೆಡ್ ಕಾನ್‌ಸ್ಟೆಬಲ್ ಜೊತೆ ಹೋಗಿ ಪಂಚನಾಮೆ ಶುರುಮಾಡಿದರು. ಗೋಡೆಗೆಲ್ಲ ತೇವ ಹತ್ತಿದ ಕೋಣೆ. ಕೆಳಗಿನ ಖಾನೆಯ ಫಿಲ್ಮುಗಳು ಒಂದಕ್ಕೊಂದು ಅಂಟಿ ಹಲಗೆಯಂತಾಗಿದ್ದವು ಎಂದ ಆ ಕೋಣೆ ನೋಡಿಕೊಳ್ಳುತ್ತಿದ್ದ ಕಾಂಪೌಂಡರ್. ಈಗ ನೋಡಿದರೆ ಎಲ್ಲವೂ ಬಿಡಿಬಿಡಿ. ಒಂದೊಂದರ ಮೇಲೂ ತೆಳ್ಳಗೆ ಬಿಳಿ ಪುಡಿ ಉದುರಿಸಿ, ಅಂಚು ಕೂಡಿಸಿ ಜೋಡಿಸಿಟ್ಟಿತ್ತು.

"ಕಳ್ಳ ಬಂದು ಮನೆಗೆಲಸ ಮಾಡಿಟ್ಟು ಹೋಗಿದಾನೆ ಸಾರ್," ಎಂದರು ಹೆಡ್ ಕಾನ್‌ಸ್ಟೆಬಲ್.

ಇನ್‌ಸ್ಪೆಕ್ಟರ್ ಪುಡಿಯನ್ನು ಬೆರಳಲ್ಲಿ ಉಜ್ಜಿದರು. ನುಣ್ಣಗೆ ಜಾರಿತು. ಟಾಲ್ಕ್, ಬಳಪದ ಕಲ್ಲಿನ ಪುಡಿ. ಕೇರಂ ಬೋರ್ಡಿಗೆ, ಬೆವರುವ ಕುತ್ತಿಗೆಗೆ ಹಾಕಿಕೊಳ್ಳುವಂಥದ್ದೇ. ಇಲ್ಲಿ ಹಸಿ ರಬ್ಬರು ಅಂಟದಿರಲೆಂದು ಪೌಡರ್ ವಿಭಾಗದ ಹೆಂಗಸರು ದಿನವಿಡೀ ಟ್ಯೂಬಿಗೆ ಹಚ್ಚುತ್ತಿದ್ದರು.

ಫಿಲ್ಮುಗಳನ್ನು ಹಳೆಯ ಹಾಜರಿ ಪುಸ್ತಕಗಳ ಜೊತೆ ತಾಳೆ ನೋಡಿ ಮುಗಿದಾಗ ಮಧ್ಯಾಹ್ನ 2.15. ಒಂದೇ ಒಂದು ಇರಲಿಲ್ಲ. ಹದಿನೇಳು ವರ್ಷ ಪುಡಿಯ ಚೀಲ ಸುರಿದು, ಹೋದ ವರ್ಷ ಕೆಲಸ ಬಿಟ್ಟವನದು. ಅವನ ಹೆಂಡತಿ ಪೌಡರ್ ವಿಭಾಗದಲ್ಲೇ ಇದ್ದಳು.

ಅವಳು ಸುಳ್ಳಾಡಲಿಲ್ಲ. ಗಂಡ ಎಂಟು ತಿಂಗಳಿಂದ ಕ್ಷಯದ ಮಾತ್ರೆ ನುಂಗುತ್ತಿದ್ದ. ಗುಣವಾಗುವ ಬದಲು ಮಲಗಿದರೆ ಉಸಿರು ಕಟ್ಟಿ, ಗೋಡೆಗೊರಗಿ ಕೂತೇ ಇರುವಂತಾಗಿತ್ತು. ಹಳೆಯ ಎಕ್ಸ್‌ರೇ ನೋಡದೆ ಕ್ಷಯವೋ, ಶ್ವಾಸಕೋಶದಲ್ಲಿ ಕೂತ ಧೂಳೋ ಹೇಳಲಾರೆ ಎಂದಿದ್ದರು ಆಸ್ಪತ್ರೆಯ ಡಾಕ್ಟರು. ಮ್ಯಾನೇಜರನ್ನು ಮೂರು ಸಲ ಕೇಳಿದ್ದಳು. ಅಂಥದ್ದು ಇಲ್ಲವೇ ಇಲ್ಲ ಎಂದು ಮೂರು ಸಲವೂ ಸಾಗಹಾಕಿದ್ದರು.

"ಮಿಕ್ಕಿದ್ದಕ್ಕೆಲ್ಲ ಪುಡಿ ಯಾಕಮ್ಮಾ ಹಾಕ್ದೆ?"

"ಹಾಗೇ ಬಿಟ್ರೆ ಮತ್ತೆ ಅಂಟ್ಕೊಳ್ತವಲ್ಲ ಸಾರ್. ಅವೂ ಯಾರದೋ ಮನೆಯವರದ್ದೇ."

3.30ಕ್ಕೆ ಅವಳ ಮನೆಯ ಹಾಸಿಗೆಯಡಿ ಫಿಲ್ಮು ಸಿಕ್ಕಿತು. ಲಕೋಟೆಯ ಮೇಲಿನ ತಾರೀಖು ಆರು ವರ್ಷ ಹಿಂದಿನದು. ತನ್ನನ್ನು ಎಲ್ಲಿಗಾದರೂ ಹಾಕಿ, ಇದನ್ನು ಮಾತ್ರ ಡಾಕ್ಟರಿಗೆ ತೋರಿಸಿ ಎಂದು ಅವಳು ಕಾಲಿಗೆ ಬೀಳಹೋದಳು. ಜಪ್ತಿಯಾದ ಮಾಲು ಕೋರ್ಟಿಗೇ ಹೋಗಬೇಕು. ಇನ್‌ಸ್ಪೆಕ್ಟರ್ ಜಪ್ತಿ ಪಂಚನಾಮೆ ಮುಗಿಸಿ, ತಜ್ಞರ ಅಭಿಪ್ರಾಯ ಕೋರಿ ಆಸ್ಪತ್ರೆಗೊಂದು ಪತ್ರ ಬರೆದರು.

ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಧೂಳೇ. ಆರು ವರ್ಷದ ಹಿಂದೆಯೇ ಕಾಣುತ್ತಿತ್ತು. ಆಗಲೇ ಚೀಲ ಸುರಿಯುವ ಕೆಲಸ ಬಿಡಿಸಿದ್ದರೆ ಇಷ್ಟಾಗುತ್ತಿರಲಿಲ್ಲ, ಈಗ ಇದಕ್ಕೆ ಮದ್ದಿಲ್ಲ ಎಂದರು. ಇಲ್ಲವೆಂದಿದ್ದ ಫಿಲ್ಮು ಎಲ್ಲಿಂದ ಬಂತೆಂದು ಮ್ಯಾನೇಜರ್ ಮರುದಿನ ಬೆಳಿಗ್ಗೆ ಠಾಣೆಗೆ ಬಂದು ಹೇಳಬೇಕೆಂದು ನೋಟಿಸು ಹೋಯಿತು.

ಸಂಜೆ 6.10ಕ್ಕೆ ಅವಳ ಬಂಧನ ದಾಖಲಾಯಿತು. ಡಾಕ್ಟರ ಮಾತನ್ನು ಇನ್‌ಸ್ಪೆಕ್ಟರೇ ತಿಳಿಸಿದರು. ಅವಳು ಅಳಲಿಲ್ಲ. ಹಾಗಾದರೆ ಹೊಟ್ಟೆ ಉರಿಸುವ ಆ ಮಾತ್ರೆ ನಿಲ್ಲಿಸಬಹುದಾ ಎಂದಷ್ಟೇ ಕೇಳಿದಳು.

ಸಹಿ ಹಾಕಿಸಿಕೊಳ್ಳುತ್ತ ಹೆಡ್ ಕಾನ್‌ಸ್ಟೆಬಲ್ ತಗ್ಗಿದ ದನಿಯಲ್ಲಿ ಅಂದರು: "ನಿನ್ ಎಕ್ಸ್‌ರೇನೂ ಅದೇ ಕಟ್ಟಿನಲ್ಲಿತ್ತಲ್ಲೇ, ತಾಯಿ. ತಗೊಂಡು ನೋಡ್ಬಾರ್ದಿತ್ತಾ?"

"ನೋಡಿದ್ರೆ ಕೈಕಾಲು ಬಿದ್ದೋಗ್ತಿತ್ತಕ್ಕ. ಅವರನ್ನ ಎತ್ತಿ ಕೂರ್ಸೋಕೆ ನಾನೊಬ್ಬಳೇ ಇರೋದು."