ಚೌಕಟ್ಟಿನ ಬಲಮೂಲೆಯ ಬಿಳಿ ಹಗ್ಗ

ಸಾಹಸ ಚಿತ್ರದ ನಾಯಕ ಪ್ರಪಾತಕ್ಕೆ ಜಿಗಿಯುವಾಗ ಅವನ ಹಿಂದೊಂದು ಹಗ್ಗ ಕಂಡಿತೆಂದು ನೀವು ನಕ್ಕಿದ್ದೀರಲ್ಲವೇ? ದೃಶ್ಯವನ್ನು ಅಲ್ಲೇ ನಿಲ್ಲಿಸಿ, ಹಗ್ಗದ ಸುತ್ತ ಕೆಂಪು ವೃತ್ತ ಎಳೆದು, ಹತ್ತು ಮಂದಿಗೆ ಕಳುಹಿಸಿದವರು ನೀವೇ ಅಲ್ಲವೇ? ಹಾಗಿದ್ದರೆ ಕೇಳಿ. ಈ ಅಪರಾಧದಲ್ಲಿ ನಿಮಗೂ ಒಂದು ಪಾಲಿದೆ.

ಬೆಳಗಿನ ಹತ್ತೂ ಮುಕ್ಕಾಲು. ಕೆಲಸ ನಿಂತುಹೋದ ಕಲ್ಲುಕ್ವಾರಿಯ ಮೇಲೆ ಚಿತ್ರಕ್ಕಾಗಿ ಕಟ್ಟಿದ್ದ ತೂಗುಸೇತುವೆಯಿಂದ ಸಾಹಸ ಕಲಾವಿದ ಬಿದ್ದ. ಬೀಳುವುದೇ ಅವನ ಕಸುಬು. ಎಲ್ಲಿಂದ ಬಿದ್ದರೂ ಕಾಲಮೇಲೆ ನಿಲ್ಲುತ್ತಾನೆಂದು ಎಲ್ಲರೂ ಅವನನ್ನು ಬೆಕ್ಕಣ್ಣ ಎನ್ನುತ್ತಿದ್ದರು. ಸೊಂಟಕ್ಕೆ ಕಟ್ಟಿದ ಹಗ್ಗ ಅವನನ್ನು ನಡುದಾರಿಯಲ್ಲೇ ಹಿಡಿದು ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಕೆಳಗಿನ ಗಾಳಿಹಾಸಿಗೆಯ ಅಂಚಿಗೆ ಬಡಿದು ಕಲ್ಲಿನ ಮೇಲೆ ಉರುಳಿದ. ಬೆಕ್ಕಣ್ಣ ಏಳಲಿಲ್ಲ.

ಬಿಳಿ ನೈಲಾನ್ ಹಗ್ಗ ಇಡಿಯಾಗಿ ಅವನ ಪಕ್ಕದಲ್ಲೇ ಬಿದ್ದಿತ್ತು. ಒಂದು ಎಳೆಯೂ ಹರಿದಿರಲಿಲ್ಲ. ಅಂದರೆ ಮೇಲೆ ಕಬ್ಬಿಣದ ಗೂಟಕ್ಕೆ ಹಾಕಿದ್ದ ಗಂಟೇ ಬಿಚ್ಚಿಕೊಂಡಿರಬೇಕು. ಗಂಟು ಹಾಕಿದವನು ಹಗ್ಗದ ಉಸ್ತುವಾರಿಯವನು. ಅವನು ತಪ್ಪಕ್ಕನ ಒಡಹುಟ್ಟಿದ ತಮ್ಮ.

* * *

ತಂಡದಲ್ಲಿ ತಪ್ಪಕ್ಕನ ಕೆಲಸ ತಪ್ಪು ಹುಡುಕುವುದು; ಹೆಸರೂ ಅದರಿಂದಲೇ ಬಂದದ್ದು. ನಾಯಕನ ಎಡಗೆನ್ನೆಯ ಗಾಯ ಮುಂದಿನ ಶಾಟಿನಲ್ಲಿ ಬಲಗೆನ್ನೆಗೆ ಹಾರಬಾರದು. ಅರ್ಧ ಕುಡಿದ ಲೋಟ ತಾನಾಗಿ ತುಂಬಿಕೊಳ್ಳಬಾರದು. ಕಂಡ ತಪ್ಪನ್ನೆಲ್ಲ ಅವಳು ಕಾರ್ಬನ್ ಇಟ್ಟು ಚೀಟಿ ಬರೆಯುತ್ತಾಳೆ. ಮೇಲಿನ ಹಾಳೆ ಸಹನಿರ್ದೇಶಕನಿಗೆ. ಅವನು ಸಹಿ ಹಾಕಿ ಪಡೆಯುತ್ತಾನೆ. ನಕಲು ಅವಳ ಪುಸ್ತಕದಲ್ಲೇ ಉಳಿಯುತ್ತದೆ. ಅವಳ ಕಣ್ಣಿಗೆ ಎಲ್ಲರೂ ಹೆದರುತ್ತಿದ್ದರು. ಈಗ ಅವಳೇ ಹೆದರಿದ್ದಳು.

"ಮೂರು ಗಂಟೆಗೆ ಜೀಪು ಬರುತ್ತೆ," ಎಂದರು ಇನ್ಸ್‌ಪೆಕ್ಟರ್. "ನಿಮ್ಮ ತಮ್ಮನ್ನ ಕರ್ಕೊಂಡು ಹೋಗ್ಲೇಬೇಕು. ಆಸ್ಪತ್ರೆಯಿಂದ ಕೆಟ್ಟ ಸುದ್ದಿ ಬಂದ್ರೆ ಕೇಸು ಇನ್ನೂ ದೊಡ್ಡದಾಗುತ್ತೆ."

ಆಗಲೇ ಎರಡು ಗಂಟೆ. ಡೇರೆಯ ಮೂಲೆಯಲ್ಲಿ ತಮ್ಮ ತನ್ನ ಅಂಗೈಗಳನ್ನೇ ನೋಡುತ್ತ ಕುಳಿತಿದ್ದ. ಅವನ ಬೆನ್ನು ಸವರುತ್ತಿದ್ದ ಸಹನಿರ್ದೇಶಕ ಅವಳನ್ನು ಕಂಡು ಹೊರಗೆ ನಡೆದ.

"ನಾನೇ ಕೊಂದೆ ಅಕ್ಕ."

"ಬಾಯಿ ಮುಚ್ಚು. ಅವನಿನ್ನೂ ಬದುಕಿದ್ದಾನೆ. ಜಿಗಿಯೋ ಮುಂಚೆ ನೀನು ಹಗ್ಗಕ್ಕೆ ನೇತಾಡಿ ನೋಡಿದ್ಯಾ?"

"ಮೊದಲ ಟೇಕಿಗೆ ನೋಡಿದ್ದೆ. ನಾನು ನೇತಾಡದ ಹಗ್ಗಕ್ಕೆ ಇನ್ನೊಬ್ಬರನ್ನ ಯಾವತ್ತಾದ್ರೂ ಬಿಟ್ಟಿದ್ದೀನಾ? ಎರಡನೇ ಟೇಕಿಗೆ ಮುಂಚೆ ಹಾಸಿಗೇಲಿ ಗಾಳಿ ಕಮ್ಮಿಯಾಗಿದೆ, ಕೆಳಗೆ ಹೋಗು ಅಂದ್ರು. ಹೋದೆ. ಮೇಲೆ ಬರೋದ್ರೊಳಗೆ ಆಕ್ಷನ್ ಅಂದುಬಿಟ್ರು."

"ಯಾರು ಹೋಗು ಅಂದಿದ್ದು?"

"ಸಹನಿರ್ದೇಶಕರು. ಹಾಸಿಗೇಲಿ ಗಾಳಿ ಸರಿಯಾಗೇ ಇತ್ತಕ್ಕ."

ತಪ್ಪಕ್ಕನಿಗೆ ಅನುಮಾನ ಬಂತು. ಆದರೆ ಅನುಮಾನ ಸಾಕ್ಷಿಯಲ್ಲ.

* * *

ಇನ್ಸ್‌ಪೆಕ್ಟರರ ಅನುಮಾನ ಇನ್ನೊಂದು ಕಡೆಗೂ ಓಡಿತ್ತು. ಸೇತುವೆ ಕಟ್ಟಿದ ಬಣ್ಣದ ಮೇಸ್ತ್ರಿ ಹಿಂದಿನ ದಿನ ಬೆಕ್ಕಣ್ಣನೊಡನೆ ಕೊರಳಪಟ್ಟಿ ಹಿಡಿದು ಜಗಳವಾಡಿದ್ದ. ಅವನ ಅಂಗೈ ಕಂದು ಬಣ್ಣದಲ್ಲಿ ಅದ್ದಿದಂತಿತ್ತು.

"ಇದೇನಯ್ಯ ಕೈ?"

"ಹೊಸ ನಾರಿನ ಹಗ್ಗಕ್ಕೆ ವಯಸ್ಸು ಬರಿಸೋ ಮದ್ದು ಸ್ವಾಮಿ. ಚಹಾ ಕಷಾಯ, ಮಸಿ. ಬೆಳಿಗ್ಗೆ ಅದ್ದಿ, ಗೂಟದ ಪಕ್ಕ ಒಣ ಹಾಕಿದ್ದೆ. ಬರೀ ನೋಟಕ್ಕೆ ಅದು. ಒಂದು ಕುರಿಮರಿ ಎಳೆದ್ರೂ ಹರಿಯುತ್ತೆ."

"ಎರಡು ಟೇಕ್ ಮಧ್ಯೆ ನೀನು ಎಲ್ಲಿದ್ದೆ?"

ಉತ್ತರ ತಪ್ಪಕ್ಕನಲ್ಲಿತ್ತು. ಪ್ರತಿ ಟೇಕಿನ ನಡುವೆ ಎರಡೆರಡು ನಿಮಿಷಕ್ಕೆ ಫೋಟೊ ತೆಗೆಯುವುದು ಅವಳ ಪದ್ಧತಿ. ಹತ್ತೂ ಇಪ್ಪತ್ತರಿಂದ ಹತ್ತೂ ನಲವತ್ತನಾಲ್ಕರವರೆಗಿನ ಹದಿಮೂರು ಫೋಟೊಗಳಲ್ಲೂ ಮೇಸ್ತ್ರಿ ಸೇತುವೆಯ ಆಚೆ ತುದಿಯಲ್ಲಿ, ಬಾಯಲ್ಲಿ ಮೊಳೆ ಕಚ್ಚಿಕೊಂಡು ಹಲಗೆ ಬಡಿಯುತ್ತಿದ್ದ. ಗೂಟ ಈಚೆ ತುದಿಯಲ್ಲಿತ್ತು, ಫೋಟೊಗಳ ಹೊರಗೆ.

"ಇವನಲ್ಲ," ಎಂದಳು ತಪ್ಪಕ್ಕ. "ಎರಡೂ ಟೇಕ್ ಇನ್ನೊಂದು ಸಲ ತೋರಿಸಿ."

"ನಾಲ್ಕು ಸಲ ನೋಡಿದ್ದೀನಮ್ಮ. ಎರಡೂ ಒಂದೇ ಥರ ಇವೆ."

"ನೀವು ಬೀಳೋನನ್ನ ನೋಡಿದ್ದೀರಿ ಸಾರ್. ಎಲ್ಲರೂ ಅವನನ್ನೇ ನೋಡ್ತಾರೆ. ನನಗೆ ಸಂಬಳ ಕೊಡೋದು ಅವನನ್ನ ಬಿಟ್ಟು ಉಳಿದದ್ದನ್ನ ನೋಡೋಕೆ."

* * *

ಎರಡೂವರೆ. ಪುಟ್ಟ ಪರದೆಯ ಮುಂದೆ ಇನ್ಸ್‌ಪೆಕ್ಟರ್, ತಪ್ಪಕ್ಕ. ಹಿಂದೆ ಕೈಕಟ್ಟಿ ನಿಂತ ಸಹನಿರ್ದೇಶಕ. ಆ ದಿನ, ಟೇಕಿಗೆ ಮುಂಚೆ ಕ್ಯಾಮೆರಾ ಮುಂದೆ ಕ್ಲಾಪ್ ಹಲಗೆ ಹೊಡೆಯುವವಳು ಜ್ವರವೆಂದು ಬಂದಿರಲಿಲ್ಲ. ಎರಡು ಸಲವೂ ಹಲಗೆ ಹಿಡಿದವನು ಅವನೇ.

"ಎಷ್ಟು ಸಲ ನೋಡ್ತೀರಿ?" ಎಂದ. "ಒಡಹುಟ್ಟಿದವನ ಮೇಲೆ ಪ್ರೀತಿ ಇರ್ಲಿ ತಪ್ಪಕ್ಕ, ಆದರೆ ಕುರುಡಾಗಬೇಡಿ."

ಅವಳು ಗುಂಡಿ ಒತ್ತಿದಳು. ಮೊದಲ ಟೇಕ್ ಓಡಿತು. ಬೆಕ್ಕಣ್ಣ ಜಿಗಿದ, ಹಗ್ಗ ಹಿಡಿಯಿತು, ಅವನು ತೂಗಾಡುತ್ತ ನಕ್ಕ. ಎರಡನೆಯದು ಓಡಿತು. ಬೆಕ್ಕಣ್ಣ ಬೀಳುವ ಮುನ್ನವೇ ಅವಳು ನಿಲ್ಲಿಸಿದಳು.

"ಬಲಮೂಲೆ ನೋಡಿ ಸಾರ್. ಗೂಟದ ಹತ್ತಿರ. ಮೊದಲ ಟೇಕಿನಲ್ಲಿ ಒಂದು ಬಿಳಿ ಗೆರೆ ಇದೆ. ಅದು ನನ್ನ ತಮ್ಮ ಕಟ್ಟಿದ ಹಗ್ಗ. ಎರಡನೇ ಟೇಕಿನಲ್ಲಿ ಆ ಗೆರೆ ಎಲ್ಲಿ?"

ಇನ್ಸ್‌ಪೆಕ್ಟರ್ ಮೂಗು ಪರದೆಗೆ ತಾಗುವಷ್ಟು ಬಾಗಿದರು. ಅಲ್ಲಿ ಇದ್ದದ್ದು ಕಂದು ಹಗ್ಗ.

"ಗಂಟು ಬಿಚ್ಚಿಕೊಂಡಿಲ್ಲ," ಎಂದಳು ತಪ್ಪಕ್ಕ. "ಯಾರೋ ಬಿಚ್ಚಿದ್ದಾರೆ. ಗೂಟಕ್ಕೂ ಬಿಳಿ ಹಗ್ಗಕ್ಕೂ ನಡುವೆ, ಕ್ಯಾಮೆರಾಗೆ ಕಾಣೋ ಜಾಗದಲ್ಲಿ, ಎರಡು ಮಾರು ನಾರಿನ ಹಗ್ಗ ಸೇರಿಸಿದ್ದಾರೆ. ಅದು ಹರಿದಿದೆ. ಬೆಕ್ಕಣ್ಣನ ಜೊತೆ ಬಿಳಿ ಹಗ್ಗ ಇಡಿಯಾಗಿ ಕೆಳಗೆ ಹೋಗಿದೆ. ನಾವೆಲ್ಲ ಕೆಳಗೆ ಓಡಿದಾಗ ಒಬ್ಬರು ಮೇಲೇ ಉಳಿದು ಗೂಟದಲ್ಲಿ ಉಳಿದ ಹಗ್ಗದ ಚೂರನ್ನ ತೆಗೆದಿದ್ದಾರೆ. ಬಿಳಿ ಹಗ್ಗದ ತುದೀಲಿದ್ದ ಚೂರನ್ನ ಆಮೇಲೆ ಬಿಚ್ಚಿಕೊಂಡಿದ್ದಾರೆ."

"ಯಾರು?"

"ನಾನಂತೂ ಮಾನಿಟರ್ ಬಿಟ್ಟು ಕದಲಿಲ್ಲ," ಎಂದ ಸಹನಿರ್ದೇಶಕ. ಯಾರೂ ಅವನನ್ನು ಕೇಳಿರಲಿಲ್ಲ. "ಹಗ್ಗ ಮುಟ್ಟೋಕೆ ನನಗೇನು ಕಾರಣ? ಹಗ್ಗ ಕಾಣ್ತಿದೆ ಅಂತ ನನಗೆ ಯಾರೂ ಹೇಳೇ ಇಲ್ಲ."

ತಪ್ಪಕ್ಕ ಪುಸ್ತಕ ತೆರೆದಳು. ಮೊದಲ ಟೇಕಿನ ಚೀಟಿಯ ನಕಲಿನಲ್ಲಿ ಅವಳದೇ ಅಕ್ಷರವಿತ್ತು. 'ಬಲಮೂಲೆಯಲ್ಲಿ ಬಿಳಿ ಹಗ್ಗ. ಕಾಣಬಾರದು.' ಕೆಳಗೆ, ನೀಲಿ ಕಾರ್ಬನ್ನಿನಲ್ಲಿ, ಸಹನಿರ್ದೇಶಕನ ಸಹಿ.

ಬಳಿಕ ಎರಡು ಟೇಕುಗಳ ಮೊದಲ ಚಿತ್ರಗಳನ್ನು ಅಕ್ಕಪಕ್ಕ ನಿಲ್ಲಿಸಿದಳು. ಮೊದಲನೆಯದರಲ್ಲಿ ಕ್ಲಾಪ್ ಹಲಗೆಯ ಬಿಳಿ ಅಂಚು ಶುಭ್ರ. ಎರಡನೆಯದರಲ್ಲಿ ಅಂಚಿನ ಮೇಲೆ ಒಂದು ಹೆಬ್ಬೆರಳಿನ ಗುರುತು. ಕಂದು ಬಣ್ಣ. ಇನ್ನೂ ಹಸಿ.

"ಮೇಸ್ತ್ರಿ ಆಚೆ ತುದೀಲಿದ್ದ. ಹಲಗೆ ಇವರ ಕೈಲಿತ್ತು."

ಇನ್ಸ್‌ಪೆಕ್ಟರ್ ಕೈ ಚಾಚಿದರು. "ನಿಮ್ಮ ಚೀಲ ಕೊಡಿ ಸ್ವಾಮಿ."

ಚೀಲದ ತಳದಲ್ಲಿ, ಮಡಿಸಿದ ಟವೆಲಿನೊಳಗೆ, ಎರಡು ತುಂಡು ನಾರಿನ ಹಗ್ಗ.

* * *

ಸಹನಿರ್ದೇಶಕ ಕುರ್ಚಿ ಎಳೆದು ಕುಳಿತ.

"ಹಿಂದಿನ ಚಿತ್ರದಲ್ಲಿ ಒಂದು ತಂತಿ ಕಂಡಿತ್ತು. ಅಷ್ಟೇ. ಮೂರು ವರ್ಷದ ದುಡಿಮೆ. ಜನ ಆ ತಂತಿ ಒಂದನ್ನೇ ನೋಡಿದ್ರು. ನನ್ನ ಮಗಳ ಶಾಲೇಲೂ ಆಡಿಕೊಂಡು ನಕ್ಕರು. ನಾರಿನ ಹಗ್ಗ ಒಂದು ಶಾಟ್ ತಡೆದೀತು ಅಂದುಕೊಂಡೆ."

"ಬಿಳಿ ಹಗ್ಗಕ್ಕೆ ಕಂದು ಬಟ್ಟೆ ಸುತ್ತಿದ್ರೆ ಮುಗಿದುಹೋಗ್ತಿತ್ತು," ಎಂದಳು ತಪ್ಪಕ್ಕ.

"ಬಿಸಿಲು ನೆತ್ತಿಗೇರಿ ಬೆಳಕು ಬದಲಾಗ್ತಿತ್ತು. ಆಮೇಲೆ ಅಳಿಸೋದಕ್ಕೆ ದುಡ್ಡಿಲ್ಲ ಅಂದಿದ್ರು ನಿರ್ಮಾಪಕರು. ನಿನ್ನ ತಮ್ಮ ಮತ್ತೆ ಕಾಲು ಗಂಟೆ ನೇತಾಡಿ ನೋಡ್ತಿದ್ದ. ಅಲ್ಲದೆ, ಚೀಟಿ ಬರೆದವಳು ನೀನೇ ಅಲ್ವಾ?"

"ಹೌದು, ಬರೆದೆ. ಹಗ್ಗ ಕಾಣೋದನ್ನ ತಪ್ಪು ಅಂತ ಬರೆದೆ. ಇಪ್ಪತ್ತು ವರ್ಷದಿಂದ ಬರೀತಿದ್ದೀನಿ. ಅದನ್ನೂ ದೂರಿನಲ್ಲಿ ಸೇರಿಸಿಕೊಳ್ಳಿ ಸಾರ್." ಅವಳು ಸಹನಿರ್ದೇಶಕನತ್ತ ತಿರುಗಿದಳು. "ಆದರೆ ನೀನು ತಪ್ಪು ಮಾಡಿ ಸುಮ್ಮನಾಗಲಿಲ್ಲ. ನನ್ನ ತಮ್ಮ ತಾನೇ ಕೊಂದೆ ಅಂತ ಅಳ್ತಿದ್ದಾಗ ಪಕ್ಕದಲ್ಲಿ ನಿಂತು ಅವನ ಬೆನ್ನು ಸವರಿದೆ."

ಮೂರು ಗಂಟೆಗೆ ಜೀಪು ಬಂತು. ಅದರೊಳಗೆ ಹತ್ತಿದವನು ತಮ್ಮನಲ್ಲ.

ಸಂಜೆ ಆಸ್ಪತ್ರೆಯಿಂದ ಫೋನು ಬಂದಾಗ ತಪ್ಪಕ್ಕನಿಗೆ ಎತ್ತಲು ಧೈರ್ಯವಾಗಲಿಲ್ಲ. ತಮ್ಮ ಎತ್ತಿದ. ಕೇಳಿಸಿಕೊಂಡ. ಹಾಗೆಯೇ ನೆಲದ ಮೇಲೆ ಕುಳಿತುಬಿಟ್ಟ.

"ಕಣ್ಣು ಬಿಟ್ಟನಂತೆ ಅಕ್ಕ. ಶಾಟ್ ಓಕೆನಾ ಅಂತ ಕೇಳಿದನಂತೆ, ಕತ್ತೆ."

ಬೆಕ್ಕಣ್ಣನ ಎಡಗಾಲು ಈಗಲೂ ಸರಿಯಾಗಿ ಮಡಚುವುದಿಲ್ಲ. ಇನ್ನು ಮುಂದೆ ಅವನು ಬೀಳಲಾರ. ಚಿತ್ರ ಬಿಡುಗಡೆಯಾಗಿದೆ. ಅದರಲ್ಲಿರುವುದು ಮೊದಲ ಟೇಕ್. ಈಗ ನಿರ್ಮಾಪಕರೇ ದುಡ್ಡು ಕೊಟ್ಟು ಹಗ್ಗವನ್ನು ಅಳಿಸಿಬಿಡೋಣವೆಂದರು, ತಪ್ಪಕ್ಕ ಒಪ್ಪಲಿಲ್ಲ. ತೂಗುಸೇತುವೆಯ ದೃಶ್ಯದಲ್ಲಿ, ಬಲಮೂಲೆಯಲ್ಲಿ, ಅರೆ ಗಳಿಗೆ ಒಂದು ಬಿಳಿ ಗೆರೆ ಕಾಣುತ್ತದೆ. ಪಕ್ಕದಲ್ಲಿ ಕುಳಿತವರು ಅದನ್ನು ತೋರಿಸಿ ನಕ್ಕರೆ, ದಯವಿಟ್ಟು ಅವರ ತೋಳು ಹಿಡಿದು ಹೇಳಿ: ಅದು ಇದ್ದುದರಿಂದಲೇ ಆ ಮನುಷ್ಯ ಆ ಸಲ ನಗುತ್ತ ಮೇಲೆ ಬಂದ.